ಕಂಪ್ಯೂಟರ್ ಕೊಟ್ಟರೆ ಸಾಲದು, ಪಕ್ಕದಲ್ಲಿ ಕೂರಬೇಕು

ರಾಯಬಾಗ, ಅಥಣಿ, ಕಾಗವಾಡದ ಕಡೆ ಕಬ್ಬು ಕಡಿಯುವ ಹಂಗಾಮು ಶುರುವಾದರೆ ಗ್ಯಾಂಗಿನ ಜೊತೆ ಬಂದ ಮಕ್ಕಳ ಶಾಲೆ ನಿಲ್ಲುತ್ತದೆ. ಅಪ್ಪ–ಅವ್ವ ಹೊಲದಲ್ಲಿರುವಾಗ ಅವರು ಜೋಪಡಿಯ ಮುಂದೆ ಕೂಸನ್ನು ಎತ್ತಿಕೊಂಡು ಕೂತಿರುತ್ತಾರೆ. ನಿಪ್ಪಾಣಿಯಲ್ಲಿ ಅವ್ವ ಬೀಡಿ ಕಟ್ಟುವಾಗ ಪಕ್ಕದಲ್ಲಿ ಕೂತು ಎಲೆ ಕತ್ತರಿಸಿಕೊಡುವ ಹುಡುಗಿಯರಿದ್ದಾರೆ. ಇಂಥ ಮಕ್ಕಳಿಗೂ ಕಂಪ್ಯೂಟರ್ ಕಲಿಸೋಣ ಎಂದು ಮಾತೆತ್ತಿದರೆ ನಮ್ಮ ಜನ ಕೆಲವು ಮಾತುಗಳನ್ನು ತಕ್ಷಣ ಹೇಳುತ್ತಾರೆ. ಕೇಳಲು ಸರಿಯೆನಿಸಿದರೂ ಆ ಮಾತುಗಳು ನಿಜವಲ್ಲ.

"ಒಂದ್ ಕಂಪ್ಯೂಟರ್ ಕೊಡ್ರಿ ಸಾಕು, ಹುಡುಗ್ರು ತಾವಽ ಕಲೀತಾರ"

ಈ ನಂಬಿಕೆಗೆ ಬಲ ಕೊಟ್ಟ ಪ್ರಸಿದ್ಧ ಪ್ರಯೋಗವೊಂದಿದೆ. 1999ರ ಜನವರಿಯಲ್ಲಿ ದಿಲ್ಲಿಯ ಕಾಲ್ಕಾಜಿಯಲ್ಲಿ ಸಂಶೋಧಕ ಸುಗತ ಮಿತ್ರ ತಮ್ಮ ಕಚೇರಿಯ ಗೋಡೆಗೆ ಕಿಂಡಿ ಕೊರೆಸಿ, ಆಚೆಯ ಕೊಳೆಗೇರಿಯ ಮಕ್ಕಳಿಗೆ ಸಿಗುವಂತೆ ಒಂದು ಕಂಪ್ಯೂಟರ್ ಇಡಿಸಿದರು. ಹೇಳಿಕೊಡುವವರು ಯಾರೂ ಇರಲಿಲ್ಲ. ಮಕ್ಕಳು ತಾವಾಗಿಯೇ ಅದನ್ನು ಆಡಿಸಲು ಕಲಿತರು. ಇಷ್ಟು ನಿಜ. ಆದರೆ ಮುಂದೆ ಕರಾವಳಿಯ ಕಾಳಿಕುಪ್ಪಂ ಎಂಬ ಹಳ್ಳಿಯಲ್ಲಿ ಮಿತ್ರರೇ ಮಾಡಿದ ಇನ್ನೊಂದು ಪ್ರಯೋಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತಮಿಳು ಮಾತಾಡುವ ಮಕ್ಕಳು ಇಂಗ್ಲಿಷಿನಲ್ಲಿದ್ದ ಜೀವತಂತ್ರಜ್ಞಾನದ ಪಾಠವನ್ನು ಕಂಪ್ಯೂಟರಿನಲ್ಲಿ ತಾವೇ ತಡಕಾಡಿ, ಪರೀಕ್ಷೆಯಲ್ಲಿ ಶೇ. 30ರಷ್ಟು ಅಂಕ ತೆಗೆದರು. ಆಮೇಲೆ ಊರಿನವಳೇ ಒಬ್ಬ ತರುಣಿ ಅವರ ಜೊತೆ ಕೂತಳು. ಅವಳಿಗೆ ಆ ವಿಷಯ ಗೊತ್ತಿರಲಿಲ್ಲ. "ಅರೆ, ಇದನ್ನ ಹೆಂಗ ಮಾಡಿದಿ? ಮುಂದ ಏನೈತಿ?" ಎಂದು ನಮ್ಮ ಅಜ್ಜಿಯರು ಕೇಳುವ ಹಾಗೆ ಕೇಳುತ್ತಾ, ಮೆಚ್ಚುತ್ತಾ ಹುರಿದುಂಬಿಸಿದಳು, ಅಷ್ಟೆ. ಅಂಕ ಶೇ. 50ಕ್ಕೆ ಏರಿತು.

ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪೆರು ದೇಶವನ್ನು ನೋಡಬೇಕು. ಅಲ್ಲಿನ ಸರ್ಕಾರ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಪ್ರಕಟವಾದ ಅಧ್ಯಯನವು 319 ಹಳ್ಳಿ ಶಾಲೆಗಳನ್ನು ನೋಡಿದಾಗ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಸುಧಾರಿಸಿದ್ದು ಕಾಣಲಿಲ್ಲ.

ಹಾಗಾಗಿ ಎಷ್ಟು ಕಂಪ್ಯೂಟರ್ ಕೊಟ್ಟೆವು ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. ಎಷ್ಟು ತಾಸು ಯಾರು ಜೊತೆಗೆ ಕೂತರು ಎಂಬ ಲೆಕ್ಕ ಬೇಕು. ಎಂಜಿನಿಯರೇ ಬರಬೇಕೆಂದೂ ಇಲ್ಲ. ಪಿಯುಸಿ ಓದುವ ಅಕ್ಕ ಸಾಕು, ನಿವೃತ್ತ ಮಾಸ್ತರರು ಸಾಕು. ಆದರೆ ವಾರ ತಪ್ಪದೆ ಬರಬೇಕು.

"ಮನ್ಯಾಗ ಮೊಬೈಲ್ ಐತಲ್ಲ, ಕಂಪ್ಯೂಟರ್ ಯಾಕ ಬೇಕು?"

ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ಸಂಸ್ಥೆ 2023ರಲ್ಲಿ ದೇಶದ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ಸಮೀಕ್ಷೆ ಮಾಡಿತು. ಸುಮಾರು ಶೇ. 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಶೇ. 9ರಷ್ಟು ಮಂದಿಯ ಮನೆಯಲ್ಲಿ ಮಾತ್ರ ಕಂಪ್ಯೂಟರ್ ಇತ್ತು. ಮನೆಯಲ್ಲಿ ಫೋನ್ ಇದ್ದ ಮಾತ್ರಕ್ಕೆ ಅದು ಮಗಳ ಕೈಗೆ ಸಿಗುತ್ತದೆಂದೂ ಅಲ್ಲ. ಫೋನ್ ಬಳಸಬಲ್ಲ ಹುಡುಗರಲ್ಲಿ ಸುಮಾರು ಶೇ. 44ರಷ್ಟು ಮಂದಿಗೆ ಸ್ವಂತ ಫೋನ್ ಇದ್ದರೆ, ಹುಡುಗಿಯರಲ್ಲಿ ಅದು ಶೇ. 20ರಷ್ಟೇ.

ಮೊಬೈಲ್ ನೋಡಲು ಒಳ್ಳೆಯದು, ಮಾಡಲು ಅಲ್ಲ. ಎರಡು ಪುಟ ಪ್ರಬಂಧ ಟೈಪಿಸುವುದು, ಫೈಲನ್ನು ಎಲ್ಲಿಟ್ಟೆನೆಂದು ಹುಡುಕಿ ತೆಗೆಯುವುದು, ಕಬ್ಬಿನ ಬಿಲ್ಲಿನ ಲೆಕ್ಕವನ್ನು ಕೋಷ್ಟಕದಲ್ಲಿ ಕೂಡಿಸುವುದು, ಇವೆಲ್ಲ ಕೀಬೋರ್ಡಿನ ಮುಂದೆ ಕೂತೇ ಕೈಗೆ ಹತ್ತಬೇಕು. ಬ್ಯಾಂಕ್, ರೈಲ್ವೆ ಪರೀಕ್ಷೆಗಳು ಈಗ ಕಂಪ್ಯೂಟರಿನಲ್ಲೇ ನಡೆಯುತ್ತವೆ. ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ 2012ರಲ್ಲೇ ಬಂದಿದೆ. ಮೌಸನ್ನು ಮೊದಲ ಸಲ ಪರೀಕ್ಷಾ ಕೇಂದ್ರದಲ್ಲಿ ಮುಟ್ಟುವ ಹುಡುಗಿ ಉತ್ತರ ಗೊತ್ತಿದ್ದೂ ಹಿಂದೆ ಬೀಳುತ್ತಾಳೆ. ಇದು ಅನ್ಯಾಯ.

"ಇಂಗ್ಲಿಷ್ ಬರಂಗಿಲ್ಲ ಅಂದ್ರ ಹೆಂಗ್ ಕಲೀತಾರ?"

ಇಂಗ್ಲಿಷ್ ಬೇಕಿಲ್ಲ, ಕನ್ನಡ ಸಾಕು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್, ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಪೂರ್ತಿ ಇಪ್ಪತ್ತಾರು ಕೀಲಿಗಳಲ್ಲಿ ಕೂರುತ್ತದೆ. ಕನ್ನಡ ಟೈಪಿಸುವ 'ನುಡಿ' ತಂತ್ರಾಂಶದ ಹಿಂದಿರುವುದೂ ಅದೇ ಚಿಂತನೆ. 'ಕ' ಒತ್ತುವ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ 'ಖ', 'ಅ' ಹೋಗಿ 'ಆ'. ವರ್ಣಮಾಲೆ ಬಲ್ಲ ಮೂರನೇ ಇಯತ್ತೆಯ ಮಗುವಿಗೆ ಇದು ಬೇಗ ಹತ್ತುತ್ತದೆ. ಚಿತ್ರ ಬಿಡಿಸುವ ಟಕ್ಸ್ ಪೇಂಟ್, ಬರೆಯಲು–ಲೆಕ್ಕ ಮಾಡಲು ಲಿಬ್ರೆ ಆಫೀಸ್, ಎರಡೂ ಉಚಿತ, ಎರಡೂ ಕನ್ನಡದಲ್ಲಿವೆ. ಮನೆಯಲ್ಲಿ ಮರಾಠಿ ಮಾತಾಡುವ ನಿಪ್ಪಾಣಿ, ಚಿಕ್ಕೋಡಿಯ ಮಕ್ಕಳಿಗೆ ಮರಾಠಿಯಲ್ಲೂ ಸಿಗುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರ ಕನ್ನಡದಲ್ಲೇ ಕೊಟ್ಟ ಐಸಿಟಿ ಪಠ್ಯಪುಸ್ತಕದಿಂದ, ಉಚಿತ ತಂತ್ರಾಂಶದಲ್ಲಿ ಕಲಿಯುತ್ತಿದ್ದಾರೆ. ಗಡಿಯಾಚೆ ಆಗುವುದು ನಮ್ಮಲ್ಲಿ ಯಾಕಾಗಬಾರದು?

"ಹೊಸಾ ಮಷಿನ್ ತರಾಕ ರೊಕ್ಕ ಎಲ್ಲೈತ್ರಿ?"

ಹೊಸದು ಬೇಕಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಡೆಯದ ಎಷ್ಟೋ ಕಂಪ್ಯೂಟರುಗಳನ್ನು ಕಚೇರಿಗಳು ಮೂಲೆಗೆ ಹಾಕುತ್ತಿವೆ. ಅವಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಕೂರಿಸಿದರೆ ಮಕ್ಕಳ ಕೆಲಸಕ್ಕೆ ಧಾರಾಳವಾಗಿ ಸಾಕು. ಬೆಂಗಳೂರಿನ ಗುರಪ್ಪನಪಾಳ್ಯದ ಬಳಿಯ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಸ್ವಯಂಸೇವಕರು ನಡೆಸಿದ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರದಲ್ಲಿ ಕೂಲಿಕಾರರ ಮಕ್ಕಳು ಉಚಿತ ತಂತ್ರಾಂಶ ಜಿಂಪ್ ಕಲಿತು ಚಿತ್ರ ಬರೆದರು. ಬಿಡುವಿನ ದಿನ ಕೊಳೆಗೇರಿಗೆ ಬಂದು ಕೂತ ಟೆಕ್ಕಿಗಳೇ ಆ ಕೇಂದ್ರದ ಆಸ್ತಿ.

ನಮ್ಮಲ್ಲಿ ಜಾಗವೂ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಹಲವೆಡೆ ಕಂಪ್ಯೂಟರುಗಳೂ ಬಂದಿವೆ. ಹಾರೂಗೇರಿ, ಕುಡಚಿ, ಚಿಂಚಲಿಯ ಸುತ್ತಿನ ಹಳ್ಳಿಯವರಿಗೆ ನನ್ನದೊಂದು ಬೇಡಿಕೆ: ಈ ವಾರ ನಿಮ್ಮೂರ ಅರಿವು ಕೇಂದ್ರಕ್ಕೆ ಹೋಗಿ, ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆಸಿ, ಚಾಲೂ ಆಗುತ್ತದೆಯೇ ನೋಡಿ. ಚಾಲೂ ಆದರೆ ಮೇಲ್ವಿಚಾರಕರನ್ನು ಕೇಳಿ ವಾರಕ್ಕೆ ಎರಡು ತಾಸು ಗೊತ್ತುಮಾಡಿಕೊಳ್ಳಿ. ಕಬ್ಬಿನ ಗ್ಯಾಂಗಿನ ಜೋಪಡಿಯಿಂದ ಇಬ್ಬರು ಮಕ್ಕಳನ್ನು ಕರೆತನ್ನಿ, ಅವರಲ್ಲಿ ಒಬ್ಬಳು ಹುಡುಗಿಯಿರಲಿ.