ಮೇಜಾ, ರಂಗಿ, ಬಂದರಿ: ನೈರೋಬಿಯ ಬಟ್ಟೆಬೀದಿ

ನೈರೋಬಿಯ ಬಿಯಾಶಾರಾ ಬೀದಿಗೆ ಹೋದದ್ದು ಬಟ್ಟೆ ನೋಡಲು. ಮೊದಲ ಅರ್ಧ ಗಂಟೆ ಮಾತು ಕೇಳುತ್ತ ನಿಂತುಬಿಟ್ಟೆ. ಸ್ವಾಹಿಲಿ ನನಗೆ ಬಾರದು. ಆದರೂ ನಡುನಡುವೆ ನಮ್ಮ ಮನೆಯ ಸಾಮಾನು ಕಿವಿಗೆ ಬೀಳುತ್ತಿತ್ತು. ಬಣ್ಣಕ್ಕೆ ರಂಗಿ, ಮೇಜಿಗೆ ಮೇಜಾ, ಸಾಬೂನಿಗೆ ಸಬೂನಿ, ಹಿಸಾಬಿಗೆ ಹೆಸಾಬು. ದುಡ್ಡು ಪೆಸಾ, ಅಂಗಡಿ ದುಕಾ. ಬಂದರಿ ಎಂದರೆ ಬಂದರೇ, ಮೊಂಬಾಸದ್ದಾದರೂ ಸರಿ, ಮಂಗಳೂರಿನದಾದರೂ ಸರಿ. ಪರ್ಷಿಯಾ, ಅರೇಬಿಯಾ, ಗುಜರಾತಿನ ಮಾತುಗಳನ್ನು ಹಾಯಿಹಡಗುಗಳು ಹಿಂದೂ ಮಹಾಸಾಗರದ ಎರಡೂ ದಡಕ್ಕೆ ಇಳಿಸಿ ಹೋಗಿವೆ.

ಬಿಯಾಶಾರಾ ಎಂದರೆ ವ್ಯಾಪಾರ. ಬ್ರಿಟಿಷರ ಕಾಲದಲ್ಲಿ ಇದು ಬಜಾರ್ ಸ್ಟ್ರೀಟ್. ನೈರೋಬಿಗೇ ಹೆಚ್ಚು ವಯಸ್ಸಿಲ್ಲ: 1899ರಲ್ಲಿ ಜೌಗು ನೆಲದ ಮೇಲೆ ರೈಲಿನವರು ಹಾಕಿದ ಬಿಡಾರವದು. ಮೊಂಬಾಸದಿಂದ ವಿಕ್ಟೋರಿಯಾ ಸರೋವರದವರೆಗೆ 1896ರಿಂದ 1901ರವರೆಗೆ ಹಳಿ ಹಾಕಲು ಹಿಂದೂಸ್ತಾನದಿಂದ ಸುಮಾರು 32,000 ಕೂಲಿಗಳನ್ನು ಕರೆತಂದರು. ಸುಮಾರು 2,500 ಮಂದಿ ಸತ್ತರು, ಹೆಚ್ಚಿನವರು ಊರಿಗೆ ಮರಳಿದರು. ಉಳಿದವರ ಜೊತೆಗೆ, ಹಳಿಯ ಹಿಂದೆಯೇ ಬಂದವರು ಗುಜರಾತಿನ ದುಕಾವಾಲಾಗಳು. 1902ರಲ್ಲಿ ಪ್ಲೇಗ್ ಬಂದಾಗ ಇಂಡಿಯನ್ ಬಜಾರನ್ನೇ ಸುಟ್ಟುಹಾಕಿದರು. ಅಂಗಡಿಕಾರರು ಮತ್ತೆ ಕಟ್ಟಿಕೊಂಡರು.

ಈಗ ಬೀದಿಯ ತುಂಬ ಬಟ್ಟೆ. ಹರಿಯಾಸ್ ಸ್ಟಾಂಪ್ ಶಾಪ್ ಎಂಬ ಬೋರ್ಡಿನ ಕೆಳಗೂ ಥಾನುಗಟ್ಟಲೆ ಬಟ್ಟೆಯೇ! ನನ್ನ ಕಣ್ಣು ನೆಟ್ಟದ್ದು ಕಾಂಗಾದ ಮೇಲೆ. ಸುಮಾರು ಒಂದೂವರೆ ಮೀಟರ್ ಉದ್ದದ ಹತ್ತಿಬಟ್ಟೆ. ಸುತ್ತ ಅಂಚು, ಅದು ಪಿಂಡೊ. ನಡುವಿನ ಚಿತ್ತಾರ ಮ್ಜಿ, ಎಂದರೆ ಊರು. ಕಾಂಗಾ ಎಂದರೆ ಗಿನಿಕೋಳಿ. ಮೊದಮೊದಲ ಬಟ್ಟೆಗಳ ಮೇಲಿನ ಚುಕ್ಕೆ ನೋಡಿ ಬಂದ ಹೆಸರಂತೆ. ಕರಾವಳಿಯವರು ಲೇಸೊ ಎನ್ನುತ್ತಾರೆ, ಅದು ಪೋರ್ಚುಗೀಸರ ಕರವಸ್ತ್ರದ ಹೆಸರು.

ಇದರ ಗಮ್ಮತ್ತು ಇರುವುದು ಕೆಳಗಿನ ಸಾಲಿನಲ್ಲಿ. ಪ್ರತಿ ಕಾಂಗಾದ ಮೇಲೂ ಒಂದು ಗಾದೆಯೋ ಹರಕೆಯೋ ಕುಟುಕು ಮಾತೋ ಅಚ್ಚಾಗಿರುತ್ತದೆ. ಅದಕ್ಕೆ ಜಿನಾ, ಹೆಸರು, ಎನ್ನುತ್ತಾರೆ. ತಾಯಿಗೆ ಕೊಡುವುದಕ್ಕೊಂದು ಮಾತು, ಮದುಮಗಳಿಗೊಂದು. ಎದುರುಮನೆಯವಳಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಉಟ್ಟು ಹೇಳುವುದೂ ಉಂಟು. ಹಾಗಾಗಿ ಕೊಳ್ಳುವ ಹೆಂಗಸರು ಬಣ್ಣಕ್ಕಿಂತ ಮೊದಲು ಮಾತನ್ನು ಓದುತ್ತಾರೆ. ನಾವು ಸೀರೆ ಅಂಗಡಿಯಲ್ಲಿ ಸೆರಗು ಬಿಚ್ಚಿಸಿ ನೋಡಿದ ಹಾಗೆ, ಆದರೆ ಇಲ್ಲಿ ಸೆರಗಿಗೆ ನಾಲಿಗೆ ಇದೆ.

ಹತ್ತಿರದಲ್ಲೇ ಜಾಮಿಯಾ ಮಸೀದಿ, ಸಿಟಿ ಮಾರ್ಕೆಟ್. ಇನ್ನೂ ನಾಲ್ಕು ಹೆಜ್ಜೆ ಇಟ್ಟರೆ ಜೀವಂಜೀ ಗಾರ್ಡನ್ಸ್. ಕರಾಚಿಯಿಂದ ಬಂದ ಎ. ಎಂ. ಜೀವಂಜೀ 1906ರಲ್ಲಿ ಊರಿಗೆ ಬಿಟ್ಟುಕೊಟ್ಟ ಉದ್ಯಾನ. 1991ರಲ್ಲಿ ಅಲ್ಲಿ ಕಾರು ನಿಲ್ಲಿಸಲು ಜಾಗ ಮಾಡುವ ಯೋಜನೆ ಬಂದಾಗ ಅವರ ಮೊಮ್ಮಗಳು ಜರೀನಾ ಪಟೇಲ್ ಎದ್ದು ನಿಂತರು, ಮರಗಳು ಉಳಿದವು. ಈಗ ಅಲ್ಲಿ ಮಧ್ಯಾಹ್ನ ಬೀದಿ ಬೋಧಕರ ಅಬ್ಬರ, ಬೆಂಚುಗಳ ಮೇಲೆ ನಿದ್ದೆ. ಜೀವಂಜೀಯವರಂತೆ ಬಂದು ನೆಲೆಸಿದವರ ಮಾತಿಗೆ ಬಂದರೆ, 2017ರಲ್ಲಿ ಕೆನ್ಯಾ ಸರ್ಕಾರ ಇಲ್ಲಿನ ಏಷ್ಯನ್ನರನ್ನು ದೇಶದ 44ನೆಯ ಬುಡಕಟ್ಟು ಎಂದು ಘೋಷಿಸಿತು. ನಾಲ್ಕು ತಲೆಮಾರು ಅಂಗಡಿ ಇಟ್ಟವರಿಗೆ ತುಸು ತಡವಾಗಿ ಸಿಕ್ಕ ಪಟ್ಟ.

ಕಾಂಗಾ ಜೋಡಿಯಾಗಿ ಒಂದೇ ತುಂಡಿನಲ್ಲಿ ಬರುತ್ತದೆ. ಕತ್ತರಿಸಿ ಅಂಚು ಹೊಲಿಸಬೇಕು. ಫುಂಡಿಯ, ಎಂದರೆ ದರ್ಜಿಯ, ಕೈಗೆ ಕೊಟ್ಟು ಊಟಕ್ಕೆ ಕೂತೆ. ಸುಟ್ಟ ಮಾಂಸದ ಪಕ್ಕದಲ್ಲಿ ಕಚುಂಬರಿ ಬಂತು. ಹೆಸರು ಕೇಳಿದವನೇ ಕೋಸಂಬರಿ ನೆನೆದು ತಟ್ಟೆಯಲ್ಲಿ ಹೆಸರುಬೇಳೆ ಹುಡುಕಿದೆ. ಟೊಮೆಟೊ, ಈರುಳ್ಳಿ, ಕೊತ್ತಂಬರಿ, ನಿಂಬೆರಸ. ಬೇಳೆ ಮಾತ್ರ ಹಡಗು ಹತ್ತಿರಲಿಲ್ಲ.