ನಾಲ್ಕು ಜ್ವರ, ಒಂದು ಹಾರ್ಮೋನು

ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಕಡೆ ರೇಷ್ಮೆ ಸಾಕುವವರಿಗೆ ಈ ಅಧ್ಯಾಯದ ಅರ್ಧ ವಿಷಯ ಆಗಲೇ ಗೊತ್ತು. ಚಾಕಿಯಿಂದ ಗೂಡಿನವರೆಗೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಅಲುಗದೆ ಕೂತಿರುತ್ತದೆ, ಸುಮಾರು ಒಂದು ದಿನ ಕಳೆದ ಮೇಲೆ ಹಳೆ ಚರ್ಮ ಬಿಟ್ಟು ಏಳುತ್ತದೆ. ಐದನೇ ಹಂತದ ಕೊನೆಯಲ್ಲಿ ಮತ್ತೆ ಸೊಪ್ಪು ಬಿಡುತ್ತದೆ. ಆದರೆ ಆಗ ಜ್ವರವಿಲ್ಲ. ಮೈ ಹಳದಿಗಟ್ಟಿ ಹಣ್ಣಾಗುತ್ತದೆ, ಚಂದ್ರಿಕೆಗೆ ಬಿಟ್ಟರೆ ನೂಲು ಸುತ್ತಿಕೊಳ್ಳುತ್ತದೆ. ಜ್ವರಕ್ಕೂ ಹಣ್ಣಾಗುವುದಕ್ಕೂ ಕಾರಣ ಒಂದೇ ಹಾರ್ಮೋನು, ಎಕ್ಡೈಸೋನ್. ಒಂದೇ ಹಾರ್ಮೋನು ಎರಡು ಬೇರೆ ಕೆಲಸ ಮಾಡಿಸುವುದು ಹೇಗೆ?

ಪೀಠಿಕೆಯನ್ನು ಬೇಗ ಮುಗಿಸೋಣ. ಯಾವ ಪ್ರೋಟೀನು ಹೇಗಿರಬೇಕು ಎಂದು ಡಿಎನ್‌ಎಯಲ್ಲಿ ಬರೆದಿಟ್ಟಿರುವ ತುಣುಕೇ ಜೀನ್. ಹುಳುವಿನ ಕಣ್ಣು, ಕರುಳು, ರೇಷ್ಮೆ ಗ್ರಂಥಿ ಎಲ್ಲದರ ಕೋಶಗಳಲ್ಲೂ ಇರುವುದು ಅವೇ ಜೀನ್‌ಗಳು. ಎಲ್ಲಿ, ಯಾವಾಗ, ಯಾವುದನ್ನು ಓದಲಾಗುತ್ತದೆ ಎಂಬುದಷ್ಟೇ ವ್ಯತ್ಯಾಸ. ಹಾರ್ಮೋನು ಎಂದರೆ ಒಂದು ಗ್ರಂಥಿಯಿಂದ ಹೊರಟು ಮೈಯೆಲ್ಲ ಸುತ್ತುವ ರಾಸಾಯನಿಕ. ಅದನ್ನು ಹಿಡಿದುಕೊಳ್ಳುವ ಪ್ರೋಟೀನು ಗ್ರಾಹಕ. ಕೋಶಕೇಂದ್ರದೊಳಗೆ ನೇರವಾಗಿ ಡಿಎನ್‌ಎಯ ಮೇಲೇ ಕೂತು ಕೆಲಸ ಮಾಡುವ ಗ್ರಾಹಕಗಳಿಗೆ ನ್ಯೂಕ್ಲಿಯರ್ ರಿಸೆಪ್ಟರ್ ಎನ್ನುತ್ತಾರೆ.

ಎಲ್ಲ ಗ್ರಾಹಕಗಳೂ ಹಾಗಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಹಿಪ್ಪುನೇರಳೆಯೂ ಇದೆ, ಹೊಗೆಸೊಪ್ಪೂ ಇದೆ. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯೇ ಇದೆ. ಹೊಗೆಸೊಪ್ಪಿನ ಪಕ್ಕ ಹಿಪ್ಪುನೇರಳೆ ಹಾಕಬೇಡಿ ಎಂದು ರೇಷ್ಮೆ ಇಲಾಖೆಯವರು ಸುಮ್ಮನೆ ಹೇಳುವುದಿಲ್ಲ. ನಿಕೋಟಿನ್ ಸೋಂಕಿದ ಎಲೆ ತಿಂದ ಹುಳು ಬಹುಬೇಗ ಒದ್ದಾಡತೊಡಗುತ್ತದೆ. ನಿಕೋಟಿನ್ ಹಿಡಿಯುವ ಗ್ರಾಹಕ ನರಕೋಶದ ಹೊರಪೊರೆಯಲ್ಲಿದೆ. ನಿಕೋಟಿನ್ ತಾಗಿದೊಡನೆ ಅಲ್ಲಿನ ದ್ವಾರ ತೆರೆದು ಸೋಡಿಯಂ ಒಳನುಗ್ಗುತ್ತದೆ. ಜೀನ್‌ವರೆಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಎಕ್ಡೈಸೋನ್ ದಾರಿ ನಿಧಾನದ್ದು. ಅದು ಕೋಶದೊಳಕ್ಕೆ ಹೋಗಬೇಕು, ಜೀನ್ ಓದಿಸಬೇಕು, ಪ್ರೋಟೀನು ತಯಾರಾಗಬೇಕು. ಹೀಗಾಗಿ ಗಂಟೆಗಳು, ದಿನಗಳು ಹಿಡಿಯುತ್ತವೆ. ನಮ್ಮ ಥೈರಾಯ್ಡ್ ಮಾತ್ರೆಯ ಪೂರ್ತಿ ಪರಿಣಾಮ ಕಾಣಲು ವಾರಗಳು ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಎಕ್ಡೈಸೋನ್ ಮೊದಲು ಕೈಗೆ ಸಿಕ್ಕಿದ್ದೇ ರೇಷ್ಮೆ ಹುಳುವಿನಿಂದ. 1954ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಪೀಟರ್ ಕಾರ್ಲ್ಸನ್ 500 ಕಿಲೋ ಪ್ಯೂಪವನ್ನು ಸಂಸ್ಕರಿಸಿ 25 ಮಿಲಿಗ್ರಾಂ ಹರಳು ತೆಗೆದರು. 1960ರಲ್ಲಿ ಕಾರ್ಲ್ಸನ್ ಮತ್ತು ಉಲ್ರಿಚ್ ಕ್ಲೆವರ್ ಅದನ್ನು ಕಿರೊನೊಮಸ್ ಎಂಬ ಸಣ್ಣ ನೊಣದ ಮರಿಗೆ ಚುಚ್ಚಿದರು. ಆ ಮರಿಯ ಜೊಲ್ಲುಗ್ರಂಥಿಯ ವರ್ಣತಂತುಗಳು ಸೂಕ್ಷ್ಮದರ್ಶಕದಲ್ಲಿ ಸಲೀಸಾಗಿ ಕಾಣುವಷ್ಟು ದಪ್ಪ. ಒಂದು ಗಂಟೆಯೊಳಗೆ ಅವುಗಳ ಮೇಲೆ ನಿರ್ದಿಷ್ಟ ಜಾಗಗಳಲ್ಲಿ ಉಬ್ಬುಗಳೆದ್ದವು. ಹಾರ್ಮೋನು ಜೀನ್‌ಗಳನ್ನು ಎಬ್ಬಿಸುವುದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಜೀವಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಪ್ರಯೋಗ ಇನ್ನೊಂದಿಲ್ಲ.

ಕೇಳುಗರು ಪ್ರತಿಸಲ ಎಡವುವ ಜಾಗ ಇಲ್ಲಿಂದ ಮುಂದಿದೆ. ಹಾರ್ಮೋನು ಬರುವವರೆಗೆ ಗ್ರಾಹಕಕ್ಕೆ ಕೆಲಸವಿಲ್ಲ, ಬಂದ ಮೇಲೆ ಎದ್ದು ಜೀನ್ ಹೊತ್ತಿಸುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಪಠ್ಯಪುಸ್ತಕದ ಚಿತ್ರಗಳೂ ಹಾಗೇ ಇರುತ್ತವೆ. ಹೇಮಾವತಿ ನಾಲೆ ಬಯಲಿನವರಿಗೆ ನೀರುಗಂಟಿ ಗೊತ್ತಲ್ಲ? ನೀರು ಬಿಡುವ ದಿನ ಮಾತ್ರ ತೂಬಿನ ಹತ್ತಿರ ಬರುವವನಲ್ಲ ಅವನು. ಬಿಡಬಾರದ ದಿನ ಯಾರೂ ಎತ್ತದಂತೆ ಕಾಯುವುದೂ ಅವನದೇ ಕೆಲಸ. ಎಕ್ಡೈಸೋನ್ ಗ್ರಾಹಕವೂ ಅಂಥದ್ದೇ.

ಅದು ಒಂಟಿಯಾಗಿ ದುಡಿಯುವುದಿಲ್ಲ. ಯುಎಸ್‌ಪಿ ಎಂಬ ಇನ್ನೊಂದು ಪ್ರೋಟೀನಿನ ಜೊತೆಗೂಡಿ ಡಿಎನ್‌ಎಯ ಮೇಲೆ ಕೂರುತ್ತದೆ. ಎರಡಕ್ಕೂ ಸತುವಿನ ಅಯಾನುಗಳು ಹಿಡಿದಿಟ್ಟ ಎರಡೆರಡು ಬೆರಳುಗಳಿವೆ. ಇವು ಎ-ಜಿ-ಜಿ-ಟಿ-ಸಿ-ಎ ಎಂಬ ಆರಕ್ಷರವನ್ನೋ ಅದಕ್ಕೆ ಹತ್ತಿರದ್ದನ್ನೋ ಹುಡುಕಿ ಹಿಡಿಯುತ್ತವೆ. ಹಾರ್ಮೋನು ಇಲ್ಲದಾಗ ಈ ಜೋಡಿಗೆ ದಮನಕಾರಿ ಪ್ರೋಟೀನುಗಳು ಅಂಟಿಕೊಂಡಿರುತ್ತವೆ. ಅವು ಆ ಭಾಗದ ಡಿಎನ್‌ಎಯನ್ನು ಹಿಸ್ಟೋನ್ ಪ್ರೋಟೀನುಗಳಿಗೆ ಬಿಗಿಯಾಗಿ ಸುತ್ತಿಡುವುದರಿಂದ ಓದುವ ಕಿಣ್ವ ಒಳಗೆ ತೂರುವಂತಿಲ್ಲ. ಹಾರ್ಮೋನು ಬಂದು ಗ್ರಾಹಕದ ಕುಳಿಯಲ್ಲಿ ಕೂತಾಗ ಪ್ರೋಟೀನಿನ ಹನ್ನೆರಡನೆಯ ಸುರುಳಿ ಮಡಚಿಕೊಂಡು ಕುಳಿಯ ಬಾಯಿಗೆ ಬರುತ್ತದೆ. ಹೊರಮೈಯ ಆಕಾರ ಬದಲಾಗಿ ದಮನಕಾರಿಗಳು ಕಳಚಿಕೊಳ್ಳುತ್ತವೆ, ಅದೇ ಜಾಗಕ್ಕೆ ಸಹಾಯಕ ಪ್ರೋಟೀನುಗಳು ಬಂದು ಹಿಸ್ಟೋನ್‌ಗಳ ಬಿಗಿ ಸಡಿಲಿಸುತ್ತವೆ, ಓದು ಶುರುವಾಗುತ್ತದೆ. ಇಷ್ಟೆಲ್ಲ ನಡೆದರೂ ಜೀನ್‌ನಲ್ಲಿ ಒಂದಕ್ಷರವೂ ತಿದ್ದಿರುವುದಿಲ್ಲ.

ಕಾವಲಿಗೆ ಸಾಕ್ಷಿ ಬೇಕೆ? ಹಣ್ಣುನೊಣದ ರೆಕ್ಕೆಯಾಗಬೇಕಿದ್ದ ಎಳೆ ಅಂಗಾಂಶದಲ್ಲಿ ಯುಎಸ್‌ಪಿ ಇಲ್ಲದಂತೆ ಮಾಡಿದಾಗ, ಹಾರ್ಮೋನಿಗೆ ಕಾಯದೆಯೇ ಕೆಲವು ಬದಲಾವಣೆಗಳು ಶುರುವಾದವು. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಇದೇ ತತ್ತ್ವದ ಮೇಲೆ ನಿಂತಿದೆ. ಅದು ಈಸ್ಟ್ರೋಜೆನ್ ಗ್ರಾಹಕದ ಕುಳಿಯಲ್ಲಿ ಕೂರುತ್ತದೆ, ಆದರೆ ಹನ್ನೆರಡನೆಯ ಸುರುಳಿಯನ್ನು ಸರಿಯಾದ ಜಾಗಕ್ಕೆ ಬರಗೊಡುವುದಿಲ್ಲ. ಹಾಗಾಗಿ ಸ್ತನದ ಅಂಗಾಂಶದಲ್ಲಿ ಜೀನ್ ಮುಚ್ಚಿಯೇ ಉಳಿಯುತ್ತದೆ.

ಹಾಗಾದರೆ ಜ್ವರವೋ ಹಣ್ಣೋ ಎಂದು ತೀರ್ಮಾನಿಸುವವರು ಯಾರು? ಹುಳುವಿನ ತಲೆಯಲ್ಲಿ ಹುಟ್ಟುವ ಇನ್ನೊಂದು ಹಾರ್ಮೋನು, ಜುವೆನೈಲ್ ಹಾರ್ಮೋನು. ಅದು ಮೈಯಲ್ಲಿರುವಾಗ ಎಕ್ಡೈಸೋನ್ ಏರಿದರೆ ಚರ್ಮ ಮಾತ್ರ ಬದಲಾಗುತ್ತದೆ, ಹುಳು ಹುಳುವಾಗಿಯೇ ಉಳಿಯುತ್ತದೆ. ಐದನೇ ಹಂತದಲ್ಲಿ ಅದು ಇಳಿದುಹೋದ ಮೇಲೆ ಎಕ್ಡೈಸೋನ್ ಏರಿದರೆ ಪ್ಯೂಪಕ್ಕೆ ಬೇಕಾದ ಜೀನ್‌ಗಳು ತೆರೆಯುತ್ತವೆ.

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ‘ಸಂಪೂರ್ಣ’ ಬಳಸಿದವರು ಈ ವಿದ್ಯೆಯನ್ನು ಕೈಯಾರೆ ಪ್ರಯೋಗಿಸಿದ್ದಾರೆ. ಅದರಲ್ಲಿರುವುದು ಗಿಡದಿಂದ ತೆಗೆದ ಎಕ್ಡೈಸೋನ್ ವರ್ಗದ ವಸ್ತು. ಅಲ್ಲೊಂದು ಇಲ್ಲೊಂದು ಹಣ್ಣುಹುಳು ಕಂಡಾಗ ನೀರಿಗೆ ಬೆರೆಸಿ ಸೊಪ್ಪಿನ ಮೇಲೆ ಸಿಂಪಡಿಸಿ ಕೊಟ್ಟರೆ ಉಳಿದವೂ ಒಟ್ಟಿಗೆ ಹಣ್ಣಾಗುತ್ತವೆ, ಹುಳು ಆಯುವ ಕೂಲಿ ಉಳಿಯುತ್ತದೆ. ಆತುರಪಟ್ಟು ಮುಂಚೆಯೇ ಕೊಟ್ಟರೆ ರೇಷ್ಮೆ ಗ್ರಂಥಿ ತುಂಬುವ ಮೊದಲೇ ನೂಲು ಶುರುವಾಗಿ ಗೂಡು ಹಗುರಾಗುತ್ತದೆ. ಅಂದಹಾಗೆ ಬೇಲಿಬದಿಯ ಉತ್ತರಾಣಿಯ ಬೇರಿನಲ್ಲೂ ಈ ವಸ್ತು ಉಂಟು. ಕೀಟಗಳ ಹಾರ್ಮೋನನ್ನು ಗಿಡವೇಕೆ ತಯಾರಿಸಬೇಕು? ತಿನ್ನಲು ಬಂದ ಕೀಟದ ಬೆಳವಣಿಗೆಯ ಲೆಕ್ಕ ತಪ್ಪಿಸಲು. ಮೆಥಾಕ್ಸಿಫೆನೋಜೈಡ್‌ನಂಥ ಕೀಟನಾಶಕಗಳೂ ಇದೇ ಗ್ರಾಹಕದ ಕುಳಿಯನ್ನು ಹಿಡಿದು ಹುಳುವನ್ನು ಅಕಾಲದಲ್ಲಿ ಚರ್ಮ ಬಿಡುವಂತೆ ಮಾಡಿ ಕೊಲ್ಲುತ್ತವೆ. ರೇಷ್ಮೆ ಹುಳುವೂ ಚಿಟ್ಟೆ-ಪತಂಗದ ಜಾತಿಯದೇ ಆದ್ದರಿಂದ ಪಕ್ಕದ ಹೊಲದ ಸಿಂಪಡಣೆಯನ್ನು ಹಗುರಾಗಿ ಕಾಣಬಾರದು.

ಮನುಷ್ಯರಲ್ಲಿ ಎಕ್ಡೈಸೋನ್ ಗ್ರಾಹಕವಿಲ್ಲ. ಆದರೆ ಅದೇ ಮನೆತನದ 48 ಗ್ರಾಹಕಗಳಿವೆ: ಥೈರಾಯ್ಡ್, ಕಾರ್ಟಿಸಾಲ್, ಈಸ್ಟ್ರೋಜೆನ್, ವಿಟಮಿನ್ ಡಿ ಇತ್ಯಾದಿಗಳದ್ದು. ಯುಎಸ್‌ಪಿಗೆ ನಮ್ಮಲ್ಲಿರುವ ಸಂಬಂಧಿ ಆರ್‌ಎಕ್ಸ್‌ಆರ್. ಥೈರಾಯ್ಡ್ ಗ್ರಾಹಕಕ್ಕೂ ವಿಟಮಿನ್ ಡಿ ಗ್ರಾಹಕಕ್ಕೂ ಜೊತೆಗಾರ ಅದೇ. ನಮ್ಮ ಗ್ರಾಹಕಗಳಲ್ಲಿ ಕೆಲವಕ್ಕೆ ಯಾವ ಹಾರ್ಮೋನು ಹೊಂದುತ್ತದೆ ಎಂಬುದು ಇನ್ನೂ ಪತ್ತೆಯಾಗಿಲ್ಲ. ಗೂಡಿನೊಳಗೇ ಇನ್ನೊಂದು ಒಗಟಿದೆ. ಅದೇ ಎಕ್ಡೈಸೋನ್‌ಗೆ ರೇಷ್ಮೆ ಗ್ರಂಥಿ ಕರಗುತ್ತದೆ, ರೆಕ್ಕೆ ಬೆಳೆಯುತ್ತದೆ. ಗ್ರಾಹಕದ ರೂಪಭೇದಗಳು ಸ್ವಲ್ಪ ಉತ್ತರ ಕೊಡುತ್ತವೆ, ಪೂರ್ತಿ ಕೊಡುವುದಿಲ್ಲ.

ಹಾಸನದ ಕಾರೇಕೆರೆ ಕೃಷಿ ಕಾಲೇಜಿನಲ್ಲೋ ಬೇರೆಲ್ಲೋ ವಿಜ್ಞಾನ ಓದುತ್ತಿರುವವರು ದಯವಿಟ್ಟು ಇದನ್ನು ಕೈಗೆತ್ತಿಕೊಳ್ಳಿ. ಶುರುಮಾಡಲು ಮೈಕೆಲ್ ಆಶ್‌ಬರ್ನರ್ ಮತ್ತು ಸಂಗಡಿಗರ 1974ರ ಪ್ರಬಂಧ ಓದಿ. ಹಣ್ಣುನೊಣದ ವರ್ಣತಂತುವಿನ ಉಬ್ಬುಗಳು ಯಾವ ಕ್ರಮದಲ್ಲಿ ಏಳುತ್ತವೆ, ಇಳಿಯುತ್ತವೆ ಎಂಬುದನ್ನಷ್ಟೇ ನೋಡಿ ಅವರೊಂದು ಊಹೆ ಮಂಡಿಸಿದರು: ಹಾರ್ಮೋನು ಹಿಡಿದ ಗ್ರಾಹಕ ಮೊದಲ ಸಾಲಿನ ಜೀನ್‌ಗಳನ್ನು ತೆರೆಯುತ್ತದೆ, ಎರಡನೇ ಸಾಲಿನವನ್ನು ತಡೆದಿಡುತ್ತದೆ, ಮೊದಲ ಸಾಲಿನ ಪ್ರೋಟೀನುಗಳು ಬಂದು ತಮ್ಮ ಜೀನ್‌ಗಳನ್ನೇ ಮುಚ್ಚಿ ಎರಡನೆಯವನ್ನು ತೆರೆಯುತ್ತವೆ. ಆ ಗ್ರಾಹಕದ ಜೀನ್ ಡೇವಿಡ್ ಹಾಗ್ನೆಸ್‌ರ ಪ್ರಯೋಗಾಲಯಕ್ಕೆ ಸಿಕ್ಕಿದ್ದು 1991ರಲ್ಲಿ, ಹದಿನೇಳು ವರ್ಷ ಕಳೆದ ಮೇಲೆ.