ಮಂಗಳೂರಿನ ಯಹೂದಿ ವ್ಯಾಪಾರಿ

ಕೈವಾರದಿಂದ ಟೂರ್ ಬಸ್ಸು ಹೊರಟ್ರೆ ಧರ್ಮಸ್ಥಳ, ಕುಕ್ಕೆ ನೋಡ್ಕೊಂಡು ಬರ್ತೀವಿ. ಈ ಸಲ ಮಂಗಳೂರಲ್ಲೂ ಇಳೀರಿ.

ದಾರಿಯಲ್ಲೇ ಬೆಂಗಳೂರಿನ ಮಾಗಡಿ ರಸ್ತೆ ಸಿಗುತ್ತೆ. ಅಲ್ಲಿ 1904ರಿಂದ ಯಹೂದಿಗಳ ಸ್ಮಶಾನ ಇದೆ, ಸಮಾಧಿಗಳ ಮೇಲೆ ಹೀಬ್ರೂ ಅಕ್ಷರ. ಗುಂಪಾಗಿ ಹೋಗೋರು ಮೊದಲೇ ಅನುಮತಿ ಕೇಳಿ.

ನನಗೆ ತುಂಬಾ ಇಷ್ಟವಾದ ಕಥೆ ಮಾತ್ರ ಮಂಗಳೂರಿನದು. 12ನೇ ಶತಮಾನ. ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಈ ಕರಾವಳಿಯಲ್ಲಿ ಸುಮಾರು 17 ವರ್ಷ ಬಾಳಿದ. ಇಲ್ಲಿಂದ ಸಮುದ್ರದಾಚೆಯ ಏಡನ್‌ಗೆ ಮೆಣಸು, ಅಡಿಕೆ, ಕಬ್ಬಿಣ. ಅಲ್ಲಿಂದ ಇಲ್ಲಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯೋ ಕಾಗದ. ಕಂಚಿನ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್‌ನ ಗೆಳೆಯರು ಒಡೆದ ಪಾತ್ರೆಗಳನ್ನ ಹಡಗಿಗೆ ಹಾಕಿ ಕಳಿಸಿದ್ರೆ, ಇಲ್ಲಿ ಕರಗಿಸಿ ಹೊಸದಾಗಿ ಎರಕ ಹೊಯ್ದು ಕೊಡ್ತಿದ್ರು!

1132ರಲ್ಲಿ ಆಶು ಅನ್ನೋ ಹೆಣ್ಣುಮಗಳಿಗೆ ದಾಸ್ಯದಿಂದ ಬಿಡುಗಡೆ ಪತ್ರ ಬರೆದುಕೊಟ್ಟ. ಬೆನ್ ಯಿಜು ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮುಗಿಸಿ ಬಂದವನು ಒಬ್ಬ ದಾಸ. ಅವನ ಹೆಸರು ಬೊಮ್ಮ ಇರಬೇಕು ಅಂತಾರೆ. ನಮ್ಮ ಕಡೆಯ ಹೆಸರೇ ಅಲ್ವಾ!

ಇಷ್ಟೂ ತಿಳಿದದ್ದು ಕೈರೋದ ಸಿನಗಾಗ್‌ ಒಂದರಲ್ಲಿ ಶತಮಾನಗಳ ಕಾಲ ಉಳಿದುಬಂದ ಹಳೇ ಕಾಗದಗಳಿಂದ. ಬೊಮ್ಮನ ಜಾಡು ಹಿಡಿದು ಲೇಖಕ ಅಮಿತಾವ್ ಘೋಷ್ 1992ರಲ್ಲಿ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಪುಸ್ತಕ ಬರೆದರು. ಘಾಟಿ ಇಳಿಯೋ ಮುಂಚೆ ಬಸ್ಸಲ್ಲಿ ಯಾರಾದ್ರೂ ಅದರ ಕಥೆ ಹೇಳಿ.